ಹೊನ್ನಾವರದಿಂದ ಬಿ.ಎಚ್. ರಸ್ತೆ ಹಿಡಿದು ಮನೆಗೆ: ಕ್ಯಾಂಪರ್ ವ್ಯಾನ್ ಪ್ರವಾಸ ಮುಗಿಸುವ ಕ್ರಮ

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ದಿನಾ ಓಡಾಡುವವರನ್ನು ನಿಲ್ಲಿಸಿ ಈ ‘ಎಚ್’ ಅಂದ್ರೆ ಏನು ಅಂತ ಕೇಳಿ ನೋಡಿ. ಬಹಳ ಜನ ತಲೆ ಕೆರೆದುಕೊಳ್ಳುತ್ತಾರೆ. ಎಚ್ ಅಂದ್ರೆ ಹೊನ್ನಾವರ. ಬೆಂಗಳೂರು–ಹೊನ್ನಾವರ ರಸ್ತೆ. ನಮ್ಮ ಊರಿನ ಮುಖ್ಯ ಬೀದಿಯನ್ನೇ ಹಿಡಿದು ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು, ಶಿವಮೊಗ್ಗ, ಸಾಗರ ಅಂತ ಹೋಗುತ್ತಾ ಇದ್ದರೆ ಸುಮಾರು 370 ಕಿಲೋಮೀಟರ್ ಆದ ಮೇಲೆ ಸಮುದ್ರ ಸಿಗುತ್ತದೆ.

ಆ ತುದಿಯಲ್ಲಿ ನನಗೆ ಮೂವರು ಗೆಳೆಯರಿದ್ದಾರೆ. ಹಾಸ್ಟೆಲಿನಲ್ಲಿ ಒಂದೇ ರೂಮಿನಲ್ಲಿ ಇದ್ದವರು. ಒಬ್ಬ ಹೊನ್ನಾವರದ ಹತ್ತಿರ, ಒಬ್ಬ ಕುಮಟಾದಲ್ಲಿ, ಇನ್ನೊಬ್ಬ ಕೆಳಗೆ ಮರವಂತೆಯಲ್ಲಿ. ವರ್ಷಕ್ಕೊಮ್ಮೆ ವ್ಯಾನ್ ತೆಗೆದುಕೊಂಡು ಹೋಗಿ ಅವರ ಅಂಗಳಗಳಲ್ಲೇ ಠಿಕಾಣಿ ಹಾಕುತ್ತೇವೆ. ಮೊದಲ ಎರಡು ಸಲ ಬಾಡಿಗೆ ವ್ಯಾನ್. ಈಗ ನಾನು, ನನ್ನ ಬಾವಮೈದ ಸೇರಿ ಕೊಂಡಿರುವ ಟೆಂಪೋ ಟ್ರಾವೆಲರ್ ಇದೆ. ಒಳಗೆ ಹಾಸಿಗೆ, ಪುಟ್ಟ ಅಡುಗೆಕಟ್ಟೆ, ಫ್ರಿಜ್, ಟಾಯ್ಲೆಟ್ ಎಲ್ಲ ಇರುವಂಥದ್ದು.

ಹೊರಡುವಾಗ ಏನು ಕಟ್ಟಿಕೊಳ್ಳಬೇಕು ಅಂತ ಹೇಳಲು ನೂರು ಜನ ಸಿಗುತ್ತಾರೆ. ಮುಗಿಸಿ ಬರುವ ಕೆಲಸವನ್ನು ಮಾತ್ರ ನಾವು ಎಡವಿ ಎಡವಿಯೇ ಕಲಿತೆವು. ಆ ಕಲಿತದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಮೊದಲನೆಯದು: ಕೊನೆಯ ಬೆಳಗ್ಗೆಗೆ ಕೆಲಸ ಉಳಿಸಬೇಡಿ

ನಮ್ಮ ಮೊದಲ ಪ್ರವಾಸದ ಕೊನೆಯ ದಿನ ಹೊನ್ನಾವರದ ಗೆಳೆಯನ ಆಯಿ ಬೆಳಗ್ಗೆ ಐದಕ್ಕೇ ಎದ್ದು ದೋಸೆ ಹೊಯ್ಯುತ್ತಿದ್ದರು. ನಾವು ನಾಲ್ಕೂ ಜನ ವ್ಯಾನಿನ ಕೆಳಗೆ, ಮೇಲೆ, ಹಿಂದೆ ಒಂದೊಂದು ಪೈಪು ಹಿಡಿದುಕೊಂಡು ಗಲಾಟೆ. ದೋಸೆ ತಣ್ಣಗಾಯಿತು. ಆಯಿ ಏನೂ ಅನ್ನಲಿಲ್ಲ, ಆದರೆ ಮುಖ ಸಣ್ಣದಾಗಿತ್ತು. ಮೂರು ದಿನ ಉಂಡ ಮನೆಯಲ್ಲಿ ಹೊರಡುವ ಹೊತ್ತಿಗೆ ಕೂತು ನಾಲ್ಕು ಮಾತು ಆಡಲಿಲ್ಲ ಅಂದ್ರೆ ಹೇಗೆ?

ಆಮೇಲಿಂದ ನಮ್ಮ ಲೆಕ್ಕ ಹೀಗೆ: ಹೊರಡುವ ಹಿಂದಿನ ದಿನ ಮಧ್ಯಾಹ್ನದ ಊಟ ಆದಮೇಲೆ ಎಲ್ಲ ಕೊಳಕು ಕೆಲಸ ಮುಗಿಸಬೇಕು. ಆ ರಾತ್ರಿ ಗೆಳೆಯರ ಮನೆಯ ಬಚ್ಚಲು, ಅವರ ಪಾಯಿಖಾನೆ, ಅವರದೇ ಅಡುಗೆ. ವ್ಯಾನಿನಲ್ಲಿ ಮಲಗುವುದು ಮಾತ್ರ. ಬೆಳಗ್ಗೆ ಎದ್ದರೆ ಹಾಸಿಗೆ ಮಡಚಿ ಕೀಲಿ ತಿರುಗಿಸುವುದಷ್ಟೇ ಬಾಕಿ ಇರಬೇಕು.

ಬಚ್ಚಲು ನೀರು, ಟಾಯ್ಲೆಟ್, ಸಿಹಿನೀರು

ಮೂರೂ ಬೇರೆ ಬೇರೆ ಟ್ಯಾಂಕು, ಮೂರಕ್ಕೂ ಬೇರೆ ಬೇರೆ ದಾರಿ.

ಪಾತ್ರೆ ತೊಳೆದ, ಕೈಕಾಲು ತೊಳೆದ ನೀರು ಒಂದು ಟ್ಯಾಂಕಿಗೆ ಹೋಗುತ್ತದೆ. ಇದನ್ನು ಹಳ್ಳಕ್ಕೆ, ಮರಳಿಗೆ, ರಸ್ತೆ ಬದಿಗೆ ಬಿಡಬೇಡಿ. ಕರಾವಳಿಯಲ್ಲಿ ಬಾವಿಗಳು ಆಳ ಇರುವುದಿಲ್ಲ. ಮರಳು ನೆಲ, ಜಂಬಿಟ್ಟಿಗೆ ನೆಲ ಎರಡೂ ನೀರನ್ನು ಬೇಗ ಕುಡಿಯುತ್ತವೆ. ನೀವು ಇಲ್ಲಿ ಚೆಲ್ಲಿದ ಸೋಪು ನೀರು ಪಕ್ಕದ ಮನೆಯ ಬಾವಿಗೆ ಹೋಗಿ ಸೇರಬಹುದು. ನಮ್ಮ ಕಡೆ ಸಾವಿರ ಅಡಿ ಬೋರ್‌ವೆಲ್ ಕೊರೆಸಿದವರಿಗೆ ಇದು ತಟ್ಟನೆ ಹೊಳೆಯುವುದಿಲ್ಲ. ಗೆಳೆಯರನ್ನೇ ಕೇಳಿ. ಅವರ ಬಚ್ಚಲು ನೀರು ಎಲ್ಲಿಗೆ ಹೋಗುತ್ತದೋ ನಿಮ್ಮದೂ ಅಲ್ಲಿಗೇ ಹೋಗಲಿ. ಸಾಮಾನ್ಯವಾಗಿ ತೆಂಗಿನ ಬುಡವೋ ಬಾಳೆ ಬುಡವೋ ಇರುತ್ತದೆ. ಬ್ಲೀಚಿಂಗ್, ಫಿನಾಯಿಲ್ ಹಾಕಿದ ನೀರು ಮಾತ್ರ ಗಿಡದ ಬುಡಕ್ಕೆ ಬೇಡ. ಖಾಲಿ ಆದ ಮೇಲೆ ಒಂದೆರಡು ಬಕೆಟ್ ಚೊಕ್ಕ ನೀರು ಸುರಿದು ಇನ್ನೊಮ್ಮೆ ಬಿಡಿ. ಒಂದು ಸಲ ನಾವು ಇದನ್ನು ‘ಊರಿಗೆ ಹೋಗಿ ಮಾಡಿದರಾಯ್ತು’ ಅಂತ ಬಿಟ್ಟೆವು. ಊರಿಗೆ ಬಂದ ಮೂರನೇ ದಿನ ಪಕ್ಕದ ಮನೆಯವರು ಬಂದು, ಮೋರಿ ಕಟ್ಟಿಕೊಂಡಿದೆಯಾ ಅಂತ ಕೇಳಿದರು.

ಟಾಯ್ಲೆಟ್ ಡಬ್ಬಿ ಸುಮಾರು 20 ಲೀಟರಿನದು, ಕೆಳಗಿಂದ ಸೂಟ್‌ಕೇಸಿನ ಹಾಗೆ ಎಳೆದು ತೆಗೆಯುವಂಥದ್ದು. ಅದನ್ನು ಗೆಳೆಯರ ಮನೆಯ ಪಾಯಿಖಾನೆಗೆ ನಿಧಾನವಾಗಿ, ಸ್ವಲ್ಪ ಸ್ವಲ್ಪವೇ ಸುರಿಯಬೇಕು. ಜೊತೆಜೊತೆಗೆ ಬಕೆಟ್ ನೀರು. ಮೊದಲು ಕೇಳಿ, ಆಮೇಲೆ ಸುರಿಯಿರಿ. ನೀವು ಡಬ್ಬಿಗೆ ವಾಸನೆ ಹೋಗಲು ಕೆಮಿಕಲ್ ಹಾಕಿದ್ದರೆ ಅದನ್ನೂ ಹೇಳಿಬಿಡಿ. ಕೆಲವು ಕೆಮಿಕಲ್‌ಗಳು ಅವರ ಗುಂಡಿಯಲ್ಲಿ ಕೊಳೆಸುವ ಸೂಕ್ಷ್ಮಜೀವಿಗಳನ್ನೇ ಕೊಲ್ಲುತ್ತವೆ. ನಾವು ಅಂಗಳದಲ್ಲಿ ನಿಂತಾಗ ಟಾಯ್ಲೆಟ್ ಬಳಸುವುದೇ ಇಲ್ಲ. ಅದು ದಾರಿಗೆ, ಅದೂ ಮಕ್ಕಳ ತುರ್ತಿಗೆ ಮಾತ್ರ. ಹಾಗಾಗಿ ಕೆಮಿಕಲ್ ಕೂಡ ಹಾಕುವುದಿಲ್ಲ.

ಇನ್ನು ಸಿಹಿನೀರು. ಒಂದು ಲೀಟರ್ ನೀರು ಒಂದು ಕೆ.ಜಿ. ನೂರು ಲೀಟರ್ ತುಂಬಿಕೊಂಡು ಘಟ್ಟ ಹತ್ತುವುದು ಅಂದ್ರೆ ಒಬ್ಬ ಪೈಲ್ವಾನನನ್ನು ಸುಮ್ನೆ ಹೊತ್ತುಕೊಂಡು ಹೋದ ಹಾಗೆ. 15–20 ಲೀಟರ್ ಉಳಿಸಿಕೊಂಡು ಉಳಿದದ್ದು ಖಾಲಿ ಮಾಡಿ. ಸಮುದ್ರಕ್ಕೆ ತೀರಾ ಹತ್ತಿರ ಇರುವ ಮನೆಗಳ ಬಾವಿ ಬೇಸಿಗೆಯಲ್ಲಿ ಸವಳಾಗುತ್ತದೆ. ಆ ನೀರನ್ನು ಟ್ಯಾಂಕಿಗೆ ತುಂಬಿಸಲೇಬೇಡಿ. ಪಂಪು, ಹೀಟರ್ ಎರಡಕ್ಕೂ ಕೆಟ್ಟದ್ದು. ನಾಲಿಗೆ ಮೇಲೆ ಒಂದು ಹನಿ ಇಟ್ಟರೆ ಗೊತ್ತಾಗುತ್ತದೆ.

ಮರಳು: ಒಣಗಿದ್ದಾಗಲೇ ಗುಡಿಸಿ

ಮರಳಿನ ಮೇಲೆ ಒದ್ದೆ ಬಟ್ಟೆ ಹಾಕಿ ಒರೆಸುವುದು ಎಲ್ಲರೂ ಮಾಡುವ ತಪ್ಪು. ಅದು ಉಪ್ಪುಕಾಗದದಲ್ಲಿ ಉಜ್ಜಿದಂತೆ. ನೆಲದ ಹಾಳೆ, ಕಿಟಕಿ ಗಾಜು ಎಲ್ಲದರ ಮೇಲೂ ಗೀಟು ಬೀಳುತ್ತದೆ. ಮೊದಲು ಒಣ ಪೊರಕೆ, ಆಮೇಲೆ ಸಣ್ಣ ಬ್ರಷ್. ಜಾರುವ ಬಾಗಿಲಿನ ಹಳಿ, ಕಿಟಕಿಯ ಹಳಿ, ಸೀಟು ಜಾರಿಸುವ ಹಳಿ, ಈ ಮೂರು ಕಡೆ ಹಳೆಯ ಹಲ್ಲುಜ್ಜುವ ಬ್ರಷ್ ಬಳಸಿ. ಮರಳು ಕೂತಿರುವ ಹಳಿಗೆ ಎಣ್ಣೆ ಬಿಡಬೇಡಿ. ಎಣ್ಣೆ, ಮರಳು ಸೇರಿ ಅರೆಯುವ ಕಲ್ಲಾಗುತ್ತದೆ.

ಪಕ್ಕದಲ್ಲಿ ಬಿಡಿಸುವ ನೆರಳು ಬಟ್ಟೆಯನ್ನು ಹಿಂದಿನ ದಿನವೇ ತೆಗೆದು ಒಣಗಿಸಿ ಸುತ್ತಿ. ಕರಾವಳಿಯ ಬೆಳಗಿನಲ್ಲಿ ಇಬ್ಬನಿ ಜಾಸ್ತಿ. ಒದ್ದೆಯಲ್ಲೇ ಸುತ್ತಿದರೆ ಎರಡು ದಿನಕ್ಕೆ ಕರಿ ಚುಕ್ಕೆ ಬರುತ್ತದೆ, ಅದು ಹೋಗುವುದಿಲ್ಲ.

ಮಕ್ಕಳ ಜೇಬು, ಬಕೆಟ್ ನೋಡಿ. ಒಳಗೆ ಜೀವ ಇರುವ ಚಿಪ್ಪು ಇದ್ದರೆ ವಾಪಸ್ ನೀರಿಗೆ. ಕೆಲವು ಜಾತಿಯ ಚಿಪ್ಪು, ಹವಳಗಳಿಗೆ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಜೀವ ಇರಲಿ ಬಿಡಲಿ, ಅವನ್ನು ಮನೆಗೆ ತರುವ ಹಾಗಿಲ್ಲ. ನನ್ನ ಮಗಳು ಒಮ್ಮೆ ಸನ್ಯಾಸಿ ಏಡಿಯನ್ನು ತಿಪಟೂರಿನವರೆಗೂ ತಂದಿದ್ದಳು. ಆ ಕಥೆ ಇಲ್ಲಿ ಬೇಡ.

ಡಬ್ಬಿಗಳ ಲೆಕ್ಕ

ಇದು ಯಾವ ವ್ಯಾನ್ ಪುಸ್ತಕದಲ್ಲೂ ಇರುವುದಿಲ್ಲ. ಆದರೆ ನನ್ನ ಪ್ರಕಾರ ಟ್ಯಾಂಕಿಗಿಂತ ದೊಡ್ಡ ವಿಷಯ ಇದೇ.

ಮೂರು ಮನೆಗೆ ಹೋದರೆ ಮೂರು ಮನೆಯ ಸ್ಟೀಲ್ ಡಬ್ಬಿಗಳು ವ್ಯಾನಿಗೆ ಹತ್ತುತ್ತವೆ. ಮರವಂತೆಯಲ್ಲಿ ಕೊಟ್ಟ ಒಣ ಸಿಗಡಿ ಚಟ್ನಿಯ ಡಬ್ಬಿ ಕುಮಟಾದಲ್ಲಿ ಖಾಲಿಯಾಗಿ, ಅಲ್ಲಿ ತೊಡದೇವು ತುಂಬಿಕೊಂಡು, ಹೊನ್ನಾವರದಲ್ಲಿ ಉಪ್ಪಿನಕಾಯಿಯ ಡಬ್ಬಿಯಾಗುತ್ತದೆ. ಕೊನೆಗೆ ಯಾವುದು ಯಾರದು ಅಂತ ದೇವರಿಗೂ ಗೊತ್ತಿರುವುದಿಲ್ಲ. ಹಿಂದಿನವರು ಪಾತ್ರೆಯ ಮೇಲೆ ಹೆಸರು ಹಾಕಿಸುತ್ತಿದ್ದುದು ಸುಮ್ನೆ ಅಲ್ಲ. ನಾವು ಈಗ ಹೀಗೆ ಮಾಡುತ್ತೇವೆ: ಡಬ್ಬಿ ಕೈಗೆ ಬಂದ ಕೂಡಲೇ ತಳಕ್ಕೆ ಒಂದು ತುಂಡು ಟೇಪ್ ಅಂಟಿಸಿ ಮನೆಯ ಮೊದಲ ಅಕ್ಷರ ಬರೆಯುವುದು. ಹೊರಡುವ ಹಿಂದಿನ ದಿನ ಎಲ್ಲ ಡಬ್ಬಿ ಕಟ್ಟೆಯ ಮೇಲೆ ಜೋಡಿಸಿ, ಆ ಮನೆಯದನ್ನು ತೊಳೆದು, ಏನಾದರೂ ಹಾಕಿ ವಾಪಸ್ ಕೊಡುವುದು. ಖಾಲಿ ಡಬ್ಬಿ ಕೊಡುವ ಹಾಗಿಲ್ಲ, ಅಲ್ವಾ? ಅದಕ್ಕೆಂದೇ ಊರಿಂದ ಹೋಗುವಾಗ ಒಂದಿಷ್ಟು ಸಾಮಾನು ಮುಟ್ಟದೆ ಇಟ್ಟುಕೊಂಡಿರಬೇಕು. ತಿಪಟೂರಿನ ಕೊಬ್ಬರಿ, ಬೀಜ ಬಿಡಿಸಿದ ಹುಣಸೆಹಣ್ಣು, ಹುಚ್ಚೆಳ್ಳು ಪುಡಿ, ರಾಗಿ ಹುರಿಹಿಟ್ಟು. ಹುಚ್ಚೆಳ್ಳು ಪುಡಿ ಕಂಡರೆ ಆಯಿ ಹಿಗ್ಗುತ್ತಾರೆ. ಅಲ್ಲಿ ಅದು ಅಷ್ಟಾಗಿ ಸಿಗುವುದಿಲ್ಲ.

ಅವರು ಕೊಡುವುದನ್ನು ಬೇಡ ಅನ್ನಲು ಹೋಗಬೇಡಿ, ಸಮಯ ವ್ಯರ್ಥ. ನಾವು ಗುಬ್ಬಿ ಕಡೆಯ ತೋಟದವರು. ನಮಗೇ ಎರಡು ಚೀಲ ತೆಂಗಿನಕಾಯಿ ಹಾಕಿ ಕಳಿಸಿದ್ದಾರೆ! ತೆಂಗಿನ ಸೀಮೆಗೆ ತೆಂಗಿನಕಾಯಿ. ವಾದ ಮಾಡುವ ಬದಲು ಇಡುವ ಜಾಗ ಯೋಚಿಸಿ. ಕಾಯಿ, ಬೆಲ್ಲದ ಡಬ್ಬಿಯಂಥ ಭಾರದ್ದೆಲ್ಲ ನೆಲಕ್ಕೆ, ಎರಡು ಗಾಲಿಸಾಲಿನ ನಡುವೆ. ಮೇಲಿನ ಕಪಾಟಿನಲ್ಲಿ ಹಪ್ಪಳ, ಬಟ್ಟೆ ಅಷ್ಟೇ. ಘಟ್ಟದ ತಿರುವಿನಲ್ಲಿ ಮೇಲಿಂದ ತೆಂಗಿನಕಾಯಿ ಬಿದ್ದರೆ ತಲೆ ಉಳಿಯುವುದಿಲ್ಲ. ಕುಮಟಾದ ಈರುಳ್ಳಿ ಗೊಂಚಲು ಸಿಕ್ಕರೆ ಪ್ಲಾಸ್ಟಿಕ್ ಚೀಲದಲ್ಲಿ ತುರುಕಬೇಡಿ. ಹೆದ್ದಾರಿ ಬದಿಯಲ್ಲಿ ಅವರು ಹೇಗೆ ನೇತು ಹಾಕಿರುತ್ತಾರೋ ಹಾಗೇ ವ್ಯಾನಿನೊಳಗೂ ಕಂಬಿಗೆ ಕಟ್ಟಿ. ಗಾಳಿ ಆಡಿದರೆ ತಿಂಗಳುಗಟ್ಟಲೆ ಇರುತ್ತದೆ. ಜೋನಿ ಬೆಲ್ಲದ ಡಬ್ಬಿಯ ಮುಚ್ಚಳದ ಕೆಳಗೆ ಒಂದು ಪ್ಲಾಸ್ಟಿಕ್ ಹಾಳೆ ಇಟ್ಟು ಬಿಗಿ ಮಾಡಿ. ತುಮಕೂರು ಸಮುದ್ರಮಟ್ಟಕ್ಕಿಂತ 800 ಮೀಟರಿಗೂ ಮೇಲಿದೆ. ಮೇಲೇರಿದಂತೆ ಹೊರಗಿನ ಗಾಳಿಯ ಒತ್ತಡ ಕಡಿಮೆಯಾಗಿ ಚಿಪ್ಸ್ ಪ್ಯಾಕೆಟ್ ಉಬ್ಬುತ್ತದೆ, ಶಾಂಪೂ ಬಾಟಲಿ ಉಗುಳುತ್ತದೆ, ಬೆಲ್ಲವೂ ಬಿಡುವುದಿಲ್ಲ.

ಒಣಮೀನು ತರುವುದಾದರೆ ಪೇಪರ್, ಅದರ ಮೇಲೆ ಪ್ಲಾಸ್ಟಿಕ್, ಅದರ ಮೇಲೆ ಬಿಗಿ ಮುಚ್ಚಳದ ಡಬ್ಬಿ. ಆಮೇಲೆ ಅದನ್ನು ಎಲ್ಲಿಟ್ಟಿದ್ದೀರಿ ಅಂತ ಬರೆದಿಡಿ. ನಾವು ಬರೆದಿಡಲಿಲ್ಲ. ಮೂರು ವಾರ ಹಿಂದಿನ ಸೀಟಿನ ಕೆಳಗೆ ಒಂದು ಪೊಟ್ಟಣ ಸಿಗಡಿ ಕೂತಿತ್ತು.

ಹೊರಡುವ ಮುನ್ನ

ಗ್ಯಾಸ್ ಸಿಲಿಂಡರ್ ವಾಲ್ವ್ ಬಂದ್ ಮಾಡಿ, ರೆಗ್ಯುಲೇಟರ್ ತೆಗೆದು, ಮುಚ್ಚಳ ಹಾಕಿ, ನೆಟ್ಟಗೆ ನಿಲ್ಲಿಸಿ ಬೆಲ್ಟ್ ಕಟ್ಟಿ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗದೆ ನೆಲದ ಮೇಲೆ ಕೂರುತ್ತದೆ. ಅದಕ್ಕೇ ಸಿಲಿಂಡರ್ ಗೂಡಿನ ತಳದಲ್ಲಿ ತೂತು ಕೊಟ್ಟಿರುತ್ತಾರೆ. ಅದರ ಮೇಲೆ ತೆಂಗಿನಕಾಯಿ ಚೀಲ ಇಡಬೇಡಿ.

ಆಮೇಲೆ ವ್ಯಾನಿನ ಸುತ್ತ ಒಂದು ಸುತ್ತು. ಮೆಟ್ಟಿಲು ಒಳಗೆ ಹೋಗಿದೆಯಾ, ಕರೆಂಟಿನ ವೈರ್ ಗೆಳೆಯನ ಮನೆಯ ಪ್ಲಗ್ಗಿನಿಂದ ಬಿಡಿಸಿದ್ದೀರಾ, ಛಾವಣಿಯ ಕಿಟಕಿ ಮುಚ್ಚಿದೆಯಾ, ಗಾಲಿಗೆ ಕೊಟ್ಟ ಕಲ್ಲು ತೆಗೆದಿರಾ. ಈ ಸುತ್ತನ್ನು ಒಬ್ಬರೇ ಹಾಕಬೇಕು. ಇಬ್ಬರು ಹಾಕಿದರೆ ‘ಅವನು ನೋಡಿರುತ್ತಾನೆ’ ಅಂತ ಇಬ್ಬರೂ ಬಿಡುತ್ತಾರೆ.

‘ಹೋಗ್ತೀವಿ’ ಅನ್ನಬೇಡಿ, ‘ಹೋಗಿ ಬರ್ತೀವಿ’ ಅನ್ನಿ. ನೀವು ತುಮಕೂರಿನವರಾದರೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಘಟ್ಟ

ಬೆಳಗ್ಗೆ ಏಳರ ಹೊತ್ತಿಗೆ ಹೊರಟರೆ ಸಂಜೆ ಕತ್ತಲಾಗುವ ಮುಂಚೆ ಮನೆ ಸೇರಬಹುದು. ಹೊನ್ನಾವರ ಬಿಟ್ಟು ಶರಾವತಿ ಪಕ್ಕದಲ್ಲೇ ಗೇರುಸೊಪ್ಪೆ, ಅಲ್ಲಿಂದ ಘಟ್ಟ ಏರಿದರೆ ಜೋಗದ ಕಡೆ. ಏರುವಾಗ ಮೇಲಿನ ಗೇರಿನಲ್ಲಿ ಎಳೆಸಬೇಡಿ. ಕೆಳಗಿನ ಗೇರು, ಏಸಿ ಬಂದ್, ಕಣ್ಣು ಟೆಂಪರೇಚರ್ ಮುಳ್ಳಿನ ಮೇಲೆ. ಹಿಂದೆ ಬಸ್ಸು ಬಂದರೆ ಜಾಗ ಸಿಕ್ಕಲ್ಲಿ ಬದಿಗೆ ಹಾಕಿ ಬಿಟ್ಟುಬಿಡಿ. ಆ ಡ್ರೈವರಿಗೆ ಆ ತಿರುವೆಲ್ಲ ದಿನದ ಅನ್ನ. ಇದು ಸಿಂಗಳೀಕಗಳ ಕಾಡು. ಬಾಳೆಹಣ್ಣು ಎಸೆಯಬೇಡಿ, ತಿಂಡಿ ಕಟ್ಟಿಕೊಂಡು ರಸ್ತೆ ಬದಿ ಕೂರಲೂ ಬೇಡಿ.

ಮರವಂತೆಯಿಂದ ನೇರ ಬರುವವರು ಆಗುಂಬೆ ಹತ್ತಿರವಾಗುತ್ತದೆ ಅಂತ ಯೋಚಿಸುತ್ತಾರೆ. ಅಲ್ಲಿನ 14 ಹೇರ್‌ಪಿನ್ ತಿರುವು ಉದ್ದ ವ್ಯಾನಿಗೆ ಆಗಿಬರುವುದಿಲ್ಲ. ಮಳೆಗಾಲದಲ್ಲಂತೂ ಯಾವ ಘಟ್ಟವನ್ನೂ ನಂಬಬೇಡಿ. ಹಿಂದಿನ ರಾತ್ರಿ ಗೆಳೆಯರಿಂದ ವಿಚಾರಿಸಿಕೊಂಡೇ ಹೊರಡಿ.

ಸಾಗರ ದಾಟಿದ ಮೇಲೆ ಹೇಳುವಂಥದ್ದು ಏನಿಲ್ಲ. ತರೀಕೆರೆ, ಬೀರೂರು, ಕಡೂರು ಬರುವ ಹೊತ್ತಿಗೆ ಗಾಳಿ ಒಣಗುತ್ತದೆ, ಬೆವರು ನಿಲ್ಲುತ್ತದೆ. ಊಟದ ನಂತರದ ನಿದ್ದೆ ಅಲ್ಲೇ ಬರುವುದು. ಡ್ರೈವರ್ ಬದಲಾಯಿಸಿಕೊಳ್ಳಿ.

ಮನೆ ಸೇರಿದ ರಾತ್ರಿ: ಮೂರೇ ಕೆಲಸ

ಎಲ್ಲ ಇಳಿಸಲು ಹೋಗಬೇಡಿ, ಜಗಳ ಆಗುತ್ತದೆ. ಫ್ರಿಜ್ಜಿನಲ್ಲಿರುವುದನ್ನು ಒಳಗೆ ಒಯ್ಯಿರಿ. ಒದ್ದೆ ಬಟ್ಟೆ ತೆಗೆದು ಬರೀ ನೀರಿನಲ್ಲಿ ನೆನೆಹಾಕಿ. ಸೋಪು ನಾಳೆ, ಮೊದಲು ಉಪ್ಪು ಬಿಡಲಿ. ಮೂರನೆಯದು, ದಾರಿಯಲ್ಲಿ ಟಾಯ್ಲೆಟ್ ಬಳಸಿದ್ದರೆ ಆ ಡಬ್ಬಿ. ಅಷ್ಟೇ. ಮೂರೂ ಮನೆಗೆ ‘ತಲುಪಿದ್ವಿ’ ಅಂತ ಫೋನ್ ಮಾಡಿ ಮಲಗಿ.

ಮರುದಿನ: ಉಪ್ಪು ಇಳಿಸುವುದು

ಸಮುದ್ರದ ಗಾಳಿಯಲ್ಲಿ ಉಪ್ಪು ಇರುತ್ತದೆ. ಮರಳಿಗೆ ಗಾಲಿ ಇಳಿಸದಿದ್ದರೂ (ಇಳಿಸಲೂ ಬಾರದು) ವ್ಯಾನಿನ ತಳಕ್ಕೆಲ್ಲ ಅದು ಕೂತಿರುತ್ತದೆ. ನಮ್ಮ ಊರಿನ ಹವೆ ಒಣ, ತುಕ್ಕು ಹಿಡಿಯುವುದಿಲ್ಲ ಅಂತ ನನ್ನ ಬಾವಮೈದ ವಾದ ಮಾಡುತ್ತಿದ್ದ. ಆದರೆ ಉಪ್ಪು ಗಾಳಿಯಲ್ಲಿರುವ ತೇವವನ್ನೇ ಎಳೆದುಕೊಂಡು ಕಬ್ಬಿಣಕ್ಕೆ ಅಂಟಿ ಕೂರುತ್ತದೆ. ಮಳೆ ಬಂದರೆ ಇನ್ನೂ ಸಲೀಸು. ಎರಡು ಮೂರು ದಿನದೊಳಗೆ ತೊಳೆಯಲೇಬೇಕು.

ವಾಟರ್ ಸರ್ವಿಸ್ ಅಂಗಡಿಗೆ ಒಯ್ದು, ರ‍್ಯಾಂಪ್ ಮೇಲೆ ಹತ್ತಿಸಿ ತಳ ತೊಳೆಸಿ. ‘ಮೇಲೆ ಬೇಕಾಗಿಲ್ಲ, ಕೆಳಗೆ ಚೆನ್ನಾಗಿ ಹೊಡಿ’ ಅಂತ ಹೇಳಿ. ಗಾಲಿಗೂಡು, ಚಾಸಿ ಸಂದು, ಡೀಸೆಲ್ ಟ್ಯಾಂಕಿನ ಮೇಲ್ಭಾಗ, ಸ್ಪ್ರಿಂಗ್ ಪಟ್ಟಿಗಳ ನಡುವೆ ನೀರು ಹೋಗಬೇಕು. ಗಾಲಿಯ ಬೇರಿಂಗ್ ಸೀಲಿಗೆ, ಫ್ರಿಜ್ಜಿನ ಗಾಳಿಕಿಂಡಿಗೆ, ಕಿಟಕಿ ರಬ್ಬರಿಗೆ ಮಾತ್ರ ಜೋರು ನೀರು ಹತ್ತಿರದಿಂದ ಬೇಡ. ತೊಳೆದ ಮೇಲೆ ತಳಕ್ಕೆ ಹಳೇ ಆಯಿಲ್, ಡೀಸೆಲ್ ಸ್ಪ್ರೇ ಹೊಡೆಯಲಾ ಅಂತ ಕೇಳುತ್ತಾರೆ. ಬೇಡ ಅನ್ನಿ. ಅದು ರಬ್ಬರ್ ಬುಷ್‌ಗಳನ್ನು ತಿನ್ನುತ್ತದೆ, ನಮ್ಮ ಧೂಳನ್ನೂ ಅಂಟಿಸಿಕೊಳ್ಳುತ್ತದೆ.

ಮೇಲ್ಭಾಗ, ಗಾಜು, ಸೋಲಾರ್ ಹಲಗೆ ಮನೆಯಲ್ಲೇ ತೊಳೆಯಿರಿ. ಬೋರ್ ನೀರು ಗಡಸು. ಒಣಗಿದರೆ ಬಿಳಿ ಕಲೆ ಬಿಡುತ್ತದೆ. ನಲ್ಲಿಯಲ್ಲಿ ಹೇಮಾವತಿ ನೀರು ಬರುವ ದಿನ ನೋಡಿ ಎರಡು ಬಕೆಟ್ ಹಿಡಿದಿಟ್ಟುಕೊಂಡು, ಬಟ್ಟೆ ಅದ್ದಿ ತೊಳೆದು ಕೂಡಲೇ ಒರೆಸಿ. ಎರಡು ಬಕೆಟ್ ಸಾಕು. ಪೈಪ್ ಹಿಡಿದು ಕುಡಿಯುವ ನೀರು ಬಿಡುತ್ತಾ ನಿಂತರೆ ಬೀದಿಯವರು ಬೈಯುತ್ತಾರೆ, ಬೈಯಬೇಕು ಕೂಡ.

ಬಾಡಿಗೆ ವ್ಯಾನ್ ಆದರೆ ತೊಳೆಸಿ, ಟ್ಯಾಂಕುಗಳ ಮುಚ್ಚಳ ತೆರೆದು, ಫ್ರಿಜ್ ತೆರೆದು ಒಂದು ವಿಡಿಯೋ ಮಾಡಿಕೊಂಡೇ ವಾಪಸ್ ಕೊಡಿ. ಒಮ್ಮೆ ನಮಗೆ ಮುಂಗಡದಲ್ಲಿ ‘ವಾಸನೆ ತೆಗೆಸಿದ ಖರ್ಚು’ ಅಂತ ಕಡಿತ ಆಯಿತು. ವಾದ ಮಾಡಲು ಕೈಯಲ್ಲಿ ಏನೂ ಇರಲಿಲ್ಲ.

ನಿಲ್ಲಿಸಿಡುವ ಮುನ್ನ

ಹಾಸಿಗೆ ತಾರಸಿಗೆ ಒಯ್ದು ಒಂದು ಇಡೀ ದಿನ ಬಿಸಿಲು ಕಾಣಿಸಿ. ಫ್ರಿಜ್ ಒರೆಸಿ, ಬಾಗಿಲು ಮುಚ್ಚದ ಹಾಗೆ ನಡುವೆ ಒಂದು ಬಟ್ಟೆ ಸುರುಳಿ ಇಡಿ. ಬಾಗಿಲಿನ ರಬ್ಬರಿಗೆ ಸ್ವಲ್ಪ ಪೌಡರ್ ಸವರಿ. ಅನ್ನದ ಅಗುಳು, ಬೆಲ್ಲದ ಹನಿ ಎಲ್ಲೂ ಉಳಿಯಬಾರದು. ಇರುವೆ ಬಂದರೆ ಓಡಿಸಬಹುದು. ಇಲಿ ಬಂದರೆ ವೈರ್ ಕಡಿಯುತ್ತದೆ.

ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ಮೇನ್ ಸ್ವಿಚ್ ತೆಗೆದು ಬಿಡಿ. ಆಸಿಡ್ ಬ್ಯಾಟರಿ ಆದರೆ ಸ್ವಲ್ಪ ಹೊತ್ತು ಬಿಟ್ಟು ಅಳೆದಾಗ 12.6 ವೋಲ್ಟ್ ಹತ್ತಿರ ತೋರಿಸಬೇಕು. ಇಳಿದ ಬ್ಯಾಟರಿಯನ್ನು ಹಾಗೇ ತಿಂಗಳುಗಟ್ಟಲೆ ಬಿಟ್ಟರೆ ಮತ್ತೆ ಏಳುವುದಿಲ್ಲ. ಟರ್ಮಿನಲ್‌ಗಳ ಮೇಲೆ ಉಪ್ಪು, ಹಸಿರು ಪುಡಿ ಇದ್ದರೆ ಒರೆಸಿ ವ್ಯಾಸಲಿನ್ ಹಚ್ಚಿ.

ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ. ಗೇರಿನಲ್ಲಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಡಿ. ಉಪ್ಪಿನ ತೇವ ಕಂಡ ಬ್ರೇಕನ್ನು ಒಂದು ತಿಂಗಳು ಎಳೆದಿಟ್ಟು, ಆಮೇಲೆ ಹಿಂದಿನ ಗಾಲಿ ಕದಲದೆ, ಮೆಕ್ಯಾನಿಕ್ ಬಂದು ಸುತ್ತಿಗೆಯಲ್ಲಿ ಡ್ರಮ್ ಬಡಿದ ಸದ್ದು ನಮ್ಮ ಇಡೀ ಬೀದಿ ಕೇಳಿದೆ.

ಕೊನೆಯದಾಗಿ, ನಿಮ್ಮ ಬಳಿ ಉಳಿದ ಡಬ್ಬಿಗಳನ್ನು ಎಣಿಸಿ. ಎಷ್ಟು ಹುಷಾರಾಗಿದ್ದರೂ ಒಂದೆರಡು ಬಂದೇ ಬಂದಿರುತ್ತವೆ. ಈ ಸಲ ಎರಡು. ಒಂದರ ತಳದಲ್ಲಿ ‘ಕು’ ಅಂತ ಇದೆ. ಇನ್ನೊಂದರ ಟೇಪ್ ಬಿದ್ದುಹೋಗಿದೆ. ಮೂರೂ ಮನೆಗೆ ಫೋಟೋ ಕಳಿಸಿದೆ. ಮೂವರೂ ‘ನಮ್ಮದಲ್ಲ, ನೀವೇ ಇಟ್ಕೊಳ್ಳಿ’ ಅಂದರು. ನಮ್ಮ ಮನೆಯವರು ಆಗಲೇ ಅದಕ್ಕೆ ಹುಚ್ಚೆಳ್ಳು ಪುಡಿ ತುಂಬಿ ಅಟ್ಟದ ಮೇಲೆ ಎತ್ತಿಟ್ಟಿದ್ದಾರೆ.